ಕಿಟಕಿ ಬಿಡಿ, ಚಾವಣಿ ನೋಡಿ

ಪ್ರಶ್ನೆ: ಮಗಳು ಜರ್ಮನಿಯಲ್ಲಿ ಇದ್ದಾಳೆ. ಹೋದ ಬೇಸಿಗೆಯಲ್ಲಿ ಅವಳ ಜೊತೆ ಕೊಲೋನ್ ನೋಡಿದೆವು. ಅಲ್ಲಿನ ದೊಡ್ಡ ಕ್ಯಾಥೆಡ್ರಲ್ ಕಂಡಾಗ ನಮ್ಮ ಮೈಸೂರಿನ ಫಿಲೋಮಿನಾ ಚರ್ಚು ನೆನಪಾಯಿತು. ಒಳಗೆ ಗೋಡೆಯೇ ಇಲ್ಲವೇನೋ ಅನ್ನುವಷ್ಟು ಬಣ್ಣದ ಗಾಜು. ಸ್ವಲ್ಪ ದೂರ ನಡೆದರೆ ನದಿ ಪಕ್ಕ ಸೇಂಟ್ ಮಾರ್ಟಿನ್ ಅಂತ ಇನ್ನೊಂದು ಹಳೇ ಚರ್ಚು. ಅಲ್ಲಿ ದಪ್ಪ ಗೋಡೆ, ಚಿಕ್ಕ ಕಿಟಕಿ. ಊರು ಒಂದೇ, ಧರ್ಮ ಒಂದೇ. ಗೈಡ್ "ಇದು ರೋಮನೆಸ್ಕ್, ಅದು ಗಾಥಿಕ್" ಎಂದು ಮುಂದೆ ಹೋಗಿಬಿಟ್ಟ. ಹೀಗೆ ಯಾಕೆ ಬದಲಾಯಿತು? ಬರೀ ಫ್ಯಾಷನ್ನಾ? ಗಾಜಿನ ಚಿತ್ರಗಳು ಓದು ಬಾರದವರಿಗಾಗಿ ಅಂತಾರಲ್ಲ, ಅದು ನಿಜವೇ?

ಉತ್ತರ: ಗೈಡ್‌ನನ್ನು ಬೈಯಬೇಡಿ. ಪಾಪ, ಅವನಿಗೆ ಊಟದ ಹೊತ್ತಿಗೆ ಇನ್ನೂ ನಾಲ್ಕು ಜಾಗ ತೋರಿಸಬೇಕಿತ್ತು. ಎರಡೂ ಚರ್ಚನ್ನು ಒಂದೇ ದಿನ ನೋಡಿದ್ದಕ್ಕೇ ನಿಮಗೆ ಈ ಪ್ರಶ್ನೆ ಹುಟ್ಟಿದ್ದು. ಇಂಥ ಕಡೆ ಹೋದವರೆಲ್ಲ ಕಿಟಕಿ ನೋಡುತ್ತಾರೆ. ಆರ್ಕಿಟೆಕ್ಚರ್ ಪಾಠ ಮಾಡುವಾಗ ನಾನು ಹುಡುಗರಿಗೆ ಹೇಳುತ್ತಿದ್ದುದು ಬೇರೆ: ಕಿಟಕಿ ಬಿಡಿ, ತಲೆ ಎತ್ತಿ ಚಾವಣಿ ನೋಡಿ. ಗೋಡೆ ಗಾಜಾದ ಕತೆ ಅಲ್ಲಿಂದಲೇ ಶುರು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಚಾವಣಿಗೆ ಮತ್ತೆ ಮತ್ತೆ ಬೆಂಕಿ ಬೀಳುತ್ತಿದ್ದುದರಿಂದ ಶುರು.

ಸ್ವಲ್ಪ ಹಿಂದಕ್ಕೆ ಹೋಗೋಣ. ಕ್ರೈಸ್ತರಿಗೆ ರೋಮನ್ ಸಾಮ್ರಾಜ್ಯದಲ್ಲಿ ಬಹಿರಂಗವಾಗಿ ಪೂಜೆ ಮಾಡುವ ಸ್ವಾತಂತ್ರ್ಯ ಸಿಕ್ಕಿದ್ದು ಕ್ರಿ.ಶ. 313ರಲ್ಲಿ, ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದಲ್ಲಿ. ಅದಕ್ಕೆ ಮುಂಚೆ ಹೆಚ್ಚಾಗಿ ಮನೆಗಳಲ್ಲೇ ಸೇರುತ್ತಿದ್ದರು. ಈಗ ದೊಡ್ಡ ಕಟ್ಟಡ ಬೇಕಾಯಿತು. ರೋಮನ್ ದೇಗುಲದ ಮಾದರಿ ಅವರಿಗೆ ಹೊಂದಲಿಲ್ಲ. ಅಲ್ಲಿ ದೇವರ ಮೂರ್ತಿ ಒಳಗೆ, ಜನ ಹೊರಗೆ, ಬಲಿಪೀಠವೂ ಹೊರಗೆ. ಕ್ರೈಸ್ತರ ಬಲಿಪೂಜೆಗೆ ಇಡೀ ಸಭೆ ಒಳಗೆ ನಿಲ್ಲಬೇಕು. ಹಾಗಾಗಿ ದೇಗುಲ ಬಿಟ್ಟು ಬಸಿಲಿಕಾದ ಮಾದರಿ ತೆಗೆದುಕೊಂಡರು. ಬಸಿಲಿಕಾ ಎಂದರೆ ನ್ಯಾಯ ವಿಚಾರಣೆ, ವ್ಯಾಪಾರದ ಮಾತುಕತೆ ನಡೆಯುತ್ತಿದ್ದ ಉದ್ದನೆಯ ಹಾಲು. ಒಂದು ಲೆಕ್ಕದಲ್ಲಿ ಕೋರ್ಟು ಕಚೇರಿಯೇ ಚರ್ಚಾಯಿತು.

ಈ ಕಾಲದ್ದು ಒಂದು ಇನ್ನೂ ಉಳಿದಿದೆ: ರೋಮಿನ ಸಾಂತಾ ಸಬೀನಾ, 422ರಿಂದ 432ರ ನಡುವೆ ಕಟ್ಟಿದ್ದು. ಒಳಗೆ ಹೋದರೆ ಆಶ್ಚರ್ಯವಾಗುತ್ತದೆ. ಗೋಡೆ ತೆಳು, ಕಿಟಕಿಗಳು ದೊಡ್ಡವು, ತುಂಬಾ ಬೆಳಕು. ನಿಮ್ಮ ಸೇಂಟ್ ಮಾರ್ಟಿನ್‌ಗಿಂತ ಏಳು ಶತಮಾನ ಹಳೆಯದು, ಆದರೆ ಅದಕ್ಕಿಂತ ಬೆಳಕು ಜಾಸ್ತಿ! ಅಂದರೆ ಯೂರೋಪಿನ ಚರ್ಚುಗಳು ಮೊದಲು ಕತ್ತಲಾಗಿದ್ದು ಆಮೇಲೆ ಬೆಳಕಾದವು ಎನ್ನುವುದು ಪೂರ್ತಿ ನಿಜವಲ್ಲ. ಮೊದಲು ಬೆಳಕಿತ್ತು, ನಡುವೆ ಹೋಯಿತು, ಆಮೇಲೆ ವಾಪಸ್ ಬಂತು. ಸಾಂತಾ ಸಬೀನಾದ ಗುಟ್ಟು ಅದರ ಚಾವಣಿ. ಅದು ಮರದ್ದು. ತೊಲೆ, ಜಂತೆ, ಹೆಂಚು, ಅಷ್ಟೇ. ಭಾರ ಕಡಿಮೆ, ಆ ಭಾರವೂ ನೇರವಾಗಿ ಕೆಳಗೆ ಇಳಿಯುತ್ತದೆ. ಗೋಡೆಗೆ ಕಷ್ಟವಿಲ್ಲ. ಎಷ್ಟು ಬೇಕಾದರೂ ಕಿಟಕಿ ಕೊರೆಯಬಹುದು.

ಆದರೆ ಮರ ಉರಿಯುತ್ತದೆ. ಮೇಣದ ಬತ್ತಿ, ಸಿಡಿಲು, ಪಕ್ಕದ ಬೀದಿಯ ಬೆಂಕಿ, ದಾಳಿಗೆ ಬಂದ ವೈಕಿಂಗರು, ಇಷ್ಟರಲ್ಲಿ ಯಾವುದಾದರೂ ಸಾಕು. ಉತ್ತರ ಯೂರೋಪಿನ ಯಾವ ದೊಡ್ಡ ಚರ್ಚಿನ ಇತಿಹಾಸ ತೆಗೆದರೂ "ಇಂಥ ವರ್ಷ ಸುಟ್ಟುಹೋಯಿತು" ಎನ್ನುವ ಸಾಲು ಸಿಗುತ್ತದೆ. ಸೇಂಟ್ ಮಾರ್ಟಿನ್ ಕತೆಯೂ ಅದೇ. 1150ರ ಬೆಂಕಿಯಲ್ಲಿ ಹಳೆಯದು ಹೋಯಿತು, ಹೊಸದು 1172ರಲ್ಲಿ ಪ್ರತಿಷ್ಠೆಯಾಯಿತು.

ಸಾವಿರನೇ ಇಸವಿ ದಾಟಿದ ಮೇಲೆ ದಾಳಿಗಳು ತಗ್ಗಿದವು, ಬೆಳೆ ಹೆಚ್ಚಿತು, ಕೈಯಲ್ಲಿ ದುಡ್ಡು ಓಡಾಡಿತು. ಎಲ್ಲ ಕಡೆ ಚರ್ಚು ಕಟ್ಟುವ ಹುಮ್ಮಸ್ಸು. ಜಗತ್ತೇ ಹಳೇ ಬಟ್ಟೆ ಕೊಡವಿ ಚರ್ಚುಗಳ ಬಿಳಿ ಹೊದಿಕೆ ಹೊದ್ದಂತೆ ಇದೆ ಎಂದು ಆ ಕಾಲದ ಫ್ರೆಂಚ್ ಸನ್ಯಾಸಿ ರೌಲ್ ಗ್ಲಾಬರ್ ಬರೆದಿಟ್ಟಿದ್ದಾನೆ. ಈ ಸಲ ಚಾವಣಿಯನ್ನೂ ಕಲ್ಲಲ್ಲೇ ಮಾಡೋಣ ಎಂದು ಹೊರಟರು. ಅರ್ಧ ಸೀಳಿದ ಪೀಪಾಯಿಯನ್ನು ಬೋರಲು ಹಾಕಿದಂತೆ ಉದ್ದಕ್ಕೂ ಕಮಾನು. ಬೆಂಕಿಗೆ ಜಗ್ಗುವುದಿಲ್ಲ. ಜೊತೆಗೆ ಸನ್ಯಾಸಿಗಳ ಹಾಡು ಅದರೊಳಗೆ ಚೆನ್ನಾಗಿ ಮೊಳಗುತ್ತದೆ.

ತೊಂದರೆ ಒಂದೇ. ಕಲ್ಲಿನ ಕಮಾನು ಕೆಳಗೆ ಮಾತ್ರ ಒತ್ತುವುದಿಲ್ಲ, ಪಕ್ಕಕ್ಕೂ ಒತ್ತುತ್ತದೆ. ಕ್ಲಾಸಿನಲ್ಲಿ ಇದನ್ನು ತೋರಿಸಲು ನಾನು ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸುತ್ತಿದ್ದೆ. ಅಂಗೈಗೆ ಅಂಗೈ ಕೊಟ್ಟು ಒಬ್ಬರ ಮೇಲೊಬ್ಬರು ವಾಲಿ, ಕಾಲು ಹಿಂದಕ್ಕೆ ಸರಿಸುತ್ತಾ ಹೋಗಿ ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಇಬ್ಬರ ಕಾಲೂ ಜಾರತೊಡಗುತ್ತದೆ. ಜಾರದಂತೆ ತಡೆಯಲು ಹಿಂದೆ ಏನಾದರೂ ಭಾರ ಬೇಕು. ಆ ಭಾರವೇ ದಪ್ಪ ಗೋಡೆ. ಅಂಥ ಗೋಡೆಯಲ್ಲಿ ದೊಡ್ಡ ಕಿಟಕಿ ಕೊರೆದರೆ ಅದರ ಶಕ್ತಿಯೇ ಹೋಯಿತು. ಹಾಗಾಗಿ ಸಣ್ಣ ಕಿಟಕಿ, ಮಬ್ಬು ಬೆಳಕು. ರೋಮನ್ನರಂತೆ ಅರ್ಧವೃತ್ತದ ಕಮಾನು ಕಟ್ಟುತ್ತಿದ್ದರಿಂದ 19ನೇ ಶತಮಾನದವರು ಈ ಶೈಲಿಗೆ ರೋಮನೆಸ್ಕ್ ಅಂದರು.

ಹಾಗಂತ ಅದು ಬಡ ಶೈಲಿ ಅಂದುಕೊಳ್ಳಬೇಡಿ. ನನ್ನನ್ನು ಕೇಳಿದರೆ ಶಿಲ್ಪಕ್ಕೆ ಅದೇ ಒಳ್ಳೆಯ ಕಾಲ. ಫ್ರಾನ್ಸಿನ ಓತಾಂ ಊರಿನ ಚರ್ಚಿನ ಬಾಗಿಲ ಮೇಲೆ ಕಡೆಯ ತೀರ್ಪಿನ ದೃಶ್ಯ ಕೆತ್ತಿದ್ದಾರೆ, ಸುಮಾರು 1130ರದ್ದು. ಎಳೆದು ಉದ್ದ ಮಾಡಿದಂಥ ದೇಹಗಳು. ಆತ್ಮಗಳನ್ನು ತಕ್ಕಡಿಯಲ್ಲಿ ತೂಗುತ್ತಿದ್ದರೆ, ದೆವ್ವ ತನ್ನ ಕಡೆ ತಟ್ಟೆಯನ್ನು ಜಗ್ಗುತ್ತಿದೆ! ನಡುವೆ "ಗಿಸ್ಲೆಬರ್ಟಸ್ ಇದನ್ನು ಮಾಡಿದ" ಎಂದು ಲ್ಯಾಟಿನ್‌ನಲ್ಲಿ ಕೊರೆದಿದೆ. 1766ರಲ್ಲಿ ಅಲ್ಲಿನ ಪಾದ್ರಿಗಳಿಗೆ ಇದೆಲ್ಲ ಒರಟಾಗಿ ಕಂಡಿತು. ಇಡೀ ಶಿಲ್ಪಕ್ಕೆ ಗಾರೆ ಮೆತ್ತಿಬಿಟ್ಟರು. ಯೇಸುವಿನ ತಲೆ ಗಾರೆಯಿಂದ ಆಚೆ ಚಾಚುತ್ತಿತ್ತು ಎಂದು ಅದನ್ನು ಒಡೆದು ತೆಗೆದರು. ಅದರಿಂದ ಒಳ್ಳೆಯದೇ ಆಯಿತು ಅನ್ನಿ. ಮುಂದೆ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಎಷ್ಟೋ ಚರ್ಚುಗಳ ಶಿಲ್ಪ ಒಡೆದುಹೋದಾಗ ಇದು ಗಾರೆಯ ಹಿಂದೆ ಉಳಿದುಕೊಂಡಿತು. 1837ರಲ್ಲಿ ಗಾರೆ ಕಿತ್ತರು. ತಲೆ ವಾಪಸ್ ಸೇರಿದ್ದು ಮಾತ್ರ 1948ರಲ್ಲಿ.

ಚರ್ಚಿನ ನಕ್ಷೆ ಬದಲಾದದ್ದೂ ಇದೇ ಕಾಲದಲ್ಲಿ. ಕಾರಣ ಯಾತ್ರಿಕರು. ಸಂತರ ಮೂಳೆ, ಬಟ್ಟೆಯಂಥ ಅವಶೇಷಗಳು ಇದ್ದ ಊರಿಗೆ ಜನ ಬರುತ್ತಿದ್ದರು, ಜನ ಬಂದರೆ ಕಾಣಿಕೆ ಬರುತ್ತಿತ್ತು. ಸುಮಾರು 866ರಲ್ಲಿ ಫ್ರಾನ್ಸಿನ ಕಾಂಕ್ ಮಠದ ಸನ್ಯಾಸಿಯೊಬ್ಬ ಇನ್ನೊಂದು ಊರಾದ ಆಜೆನ್‌ಗೆ ಹೋಗಿ, ವರ್ಷಗಟ್ಟಲೆ ಅಲ್ಲಿದ್ದು ನಂಬಿಕೆ ಗಳಿಸಿ, ಸಂತ ಫುವಾ ಎಂಬ ಬಾಲೆಯ ಅವಶೇಷವನ್ನು ಕದ್ದು ತಂದ. ಮಠದವರು ಇದನ್ನು ಮುಚ್ಚಿಡಲಿಲ್ಲ, ಪುಣ್ಯದ ಕೆಲಸ ಎಂದೇ ಬರೆದುಕೊಂಡರು! ಯಾತ್ರಿಕರ ಗದ್ದಲದಿಂದ ಸನ್ಯಾಸಿಗಳ ಪ್ರಾರ್ಥನೆ ಕೆಡಬಾರದು ಎಂದು ಬಲಿಪೀಠದ ಹಿಂದೆ ಸುತ್ತಿ ಬರುವ ಹಾದಿ ಮಾಡಿದರು. ಪ್ರದಕ್ಷಿಣೆಯ ಹಾದಿ ಅಂದರೆ ನಮಗೆ ಬೇಗ ಅರ್ಥವಾಗುತ್ತದೆ, ಅಲ್ವಾ. ಆ ಹಾದಿಯ ಹೊರಗೆ ಹೂವಿನ ಎಸಳಿನಂತೆ ಪುಟ್ಟ ಪುಟ್ಟ ಪ್ರಾರ್ಥನಾ ಕೋಣೆಗಳು. ಕೊಲೋನ್ ಕ್ಯಾಥೆಡ್ರಲಿನ ಹಿಂಭಾಗ ನೆನಪಿಸಿಕೊಳ್ಳಿ, ಅದೇ ನಕ್ಷೆ.

ಈಗ ಮತ್ತೆ ಚಾವಣಿಗೆ. ಇಂಗ್ಲೆಂಡಿನ ಡರ್ಹಮ್‌ನಲ್ಲಿ 1093ರಲ್ಲಿ ಶುರುವಾದ ಚರ್ಚಿನಲ್ಲಿ ಮೇಸ್ತ್ರಿಗಳು ಹೊಸ ಉಪಾಯ ಮಾಡಿದರು. ಚಾವಣಿಯನ್ನು ಚೌಕಗಳಾಗಿ ಭಾಗ ಮಾಡಿ, ಮೂಲೆಯಿಂದ ಮೂಲೆಗೆ ಅಡ್ಡಡ್ಡ ಕಲ್ಲಿನ ಪಟ್ಟಿ ಕಟ್ಟಿ, ನಡುವಿನ ಜಾಗವನ್ನು ಹಗುರ ಕಲ್ಲಿನಿಂದ ತುಂಬಿದರು. ಪಕ್ಕೆಲುಬಿನಂತೆ ಕಾಣುವ ಪಟ್ಟಿಗಳು. ಇದರಿಂದ ಚಾವಣಿಯ ಒತ್ತು ಗೋಡೆಯ ಉದ್ದಕ್ಕೂ ಹರಡದೆ ಚೌಕದ ನಾಲ್ಕು ಮೂಲೆಗೆ ಇಳಿಯಿತು. ಮೂಲೆಯಲ್ಲಿ ಕಂಬ ಗಟ್ಟಿ ಇದ್ದರೆ ಆಯಿತು. ಎರಡು ಕಂಬದ ನಡುವಿನ ಗೋಡೆಗೆ ಇನ್ನು ಕೆಲಸವೇ ಇಲ್ಲ.

ಜೊತೆಗೆ ಮೊನೆಯಾದ ಕಮಾನು ಸೇರಿಕೊಂಡಿತು. ಅರ್ಧವೃತ್ತದ ಕಮಾನಿನಲ್ಲಿ ಅಗಲ ಗೊತ್ತಾದರೆ ಎತ್ತರವೂ ನಿಗದಿಯಾದಂತೆ, ಬೇರೆ ದಾರಿಯಿಲ್ಲ. ಮೊನೆ ಕಮಾನನ್ನು ಎಷ್ಟು ಬೇಕಾದರೂ ಎತ್ತರಿಸಬಹುದು. ಪಕ್ಕದ ಒತ್ತೂ ಕಡಿಮೆ. ಇದು ಯೂರೋಪಿನವರ ಆವಿಷ್ಕಾರವಲ್ಲ. ಕೈರೋದ ಇಬ್ನ್ ತುಲುನ್ ಮಸೀದಿಯಲ್ಲಿ 9ನೇ ಶತಮಾನದಲ್ಲೇ ಸಾಲು ಸಾಲಾಗಿ ಇವೆ. ನಮ್ಮ ವಿಜಯಪುರದ ಕಮಾನುಗಳ ಮೂಲವೂ ಆ ಇಸ್ಲಾಮಿ ಪರಂಪರೆಯೇ.

ಈ ಎಲ್ಲ ತುಣುಕುಗಳನ್ನು ಒಟ್ಟಿಗೆ ಸೇರಿಸಿದ್ದು ಪ್ಯಾರಿಸ್ ಪಕ್ಕದ ಸಾಂ ದೆನಿ ಮಠದಲ್ಲಿ. ಫ್ರಾನ್ಸಿನ ರಾಜರನ್ನು ಮಣ್ಣು ಮಾಡುತ್ತಿದ್ದ ಜಾಗ ಅದು. ಮಠಾಧಿಪತಿ ಸೂಜೆ ಚುರುಕು ಮನುಷ್ಯ, ರಾಜನ ಸಲಹೆಗಾರ. ಹೆಸರಿನ ಆಸೆಯೂ ಇತ್ತು. ಕಿಟಕಿಯೊಂದರಲ್ಲಿ ಮರಿಯಮ್ಮನ ಕಾಲ ಬಳಿ ತನ್ನದೇ ಚಿತ್ರ ಹಾಕಿಸಿಕೊಂಡ. ಹಬ್ಬದ ದಿನ ಹಳೇ ಚರ್ಚಿನಲ್ಲಿ ಎಷ್ಟು ನೂಕುನುಗ್ಗಲು ಎಂದರೆ ಹೆಂಗಸರು ಗಂಡಸರ ತಲೆ ಮೇಲೆ ಕಾಲಿಟ್ಟು ಬಲಿಪೀಠದ ಕಡೆ ಹೋಗುತ್ತಿದ್ದರು ಎಂದು ಅವನೇ ಬರೆದಿದ್ದಾನೆ. ಸ್ವಲ್ಪ ಉಪ್ಪು ಖಾರ ಹಚ್ಚಿರಬಹುದು. ಅಂತೂ ಚರ್ಚಿನ ಮುಂಭಾಗ 1140ರಲ್ಲಿ ಮುಗಿಯಿತು. ಬಲಿಪೀಠದ ಸುತ್ತಲಿನ ಭಾಗ 1144ರ ಜೂನ್ 11ರಂದು, ಏಳನೇ ಲೂಯಿ ರಾಜನ ಎದುರು ಪ್ರತಿಷ್ಠೆಯಾಯಿತು. ಸಣ್ಣ ಕಂಬಗಳು, ಪಕ್ಕೆಲುಬಿನ ಚಾವಣಿ, ಮೊನೆ ಕಮಾನು, ಕೋಣೆಗಳ ನಡುವೆ ಗೋಡೆಯಿಲ್ಲ, ಸುತ್ತ ಬಣ್ಣದ ಗಾಜು. ಗಾಥಿಕ್ ಹುಟ್ಟಿದ ದಿನ ಅಂತ ಒಂದು ಹೇಳಲೇಬೇಕೆಂದರೆ ಅದೇ. ನೋಡಿ, ಸೇಂಟ್ ಮಾರ್ಟಿನ್ ಇದಕ್ಕಿಂತ 28 ವರ್ಷ ಈಚಿನದು! ಫ್ಯಾಷನ್ ಅಂದಿರಲ್ಲ, ಅದು ಕೊಲೋನ್‌ಗೆ ತಡವಾಗಿ ಬಂತು.

ದೇವರೇ ಬೆಳಕು ಎಂಬ ತತ್ವದಿಂದ ಸೂಜೆ ಈ ಶೈಲಿ ಕಂಡುಹಿಡಿದ ಎನ್ನುವವರು ತುಂಬಾ ಜನ. ಅವನಿಗೆ ಬೆಳಕಿನ ಹುಚ್ಚು ಇದ್ದದ್ದು ನಿಜ. ಆದರೆ ತತ್ವ ಓದಿ ಚಾವಣಿ ನಿಲ್ಲಿಸಲು ಆಗುವುದಿಲ್ಲ. ಅವನಿಗೆ ಬೆಳಕು ಬೇಕಾದ ಹೊತ್ತಿಗೆ ಮೇಸ್ತ್ರಿಗಳ ಕೈಯಲ್ಲಿ ಉಪಾಯ ಸಿದ್ಧವಿತ್ತು. ಬೇಜಾರೆಂದರೆ ಅಷ್ಟೆಲ್ಲ ಬರೆದ ಸೂಜೆ ತನ್ನ ಮೇಸ್ತ್ರಿಯ ಹೆಸರು ಮಾತ್ರ ಬರೆಯಲಿಲ್ಲ.

ಮೇಸ್ತ್ರಿ ಅನ್ನುವುದು ಸರಿಯಾದ ಪದವೇ. ನಮ್ಮ "ಮೇಸ್ತ್ರಿ" ಪೋರ್ಚುಗೀಸರ "ಮೆಸ್ತ್ರೆ"ಯಿಂದ ಬಂದದ್ದು. ಫ್ರಾನ್ಸಿನ ಚರ್ಚು ಕಟ್ಟಿದವರನ್ನು ಕರೆಯುತ್ತಿದ್ದ ಪದವೂ ಅದೇ ಲ್ಯಾಟಿನ್ ಮೂಲದ್ದು. ಇವರಿಗೆ ಇಂದಿನಂಥ ಲೆಕ್ಕಾಚಾರ ಇರಲಿಲ್ಲ. ಕೈವಾರ, ದಾರ, ತೂಗುಗುಂಡು, ಅನುಭವ. ನಮ್ಮ ಹಾಗೆಯೇ ಸೆಂಟ್ರಿಂಗ್ ಹಾಕಿ ಕಮಾನು ಕಟ್ಟಿ, ಗಾರೆ ಗಟ್ಟಿಯಾದ ಮೇಲೆ ಮರ ತೆಗೆಯುತ್ತಿದ್ದರು. ಜೀವಕ್ಕೆ ಅಪಾಯದ ಕೆಲಸ. 1174ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿ ಚರ್ಚು ಸುಟ್ಟಾಗ ಸಾನ್ಸ್ ಊರಿನ ವಿಲಿಯಂ ಎಂಬ ಫ್ರೆಂಚ್ ಮೇಸ್ತ್ರಿಯನ್ನು ಕರೆಸಿದರು. 1178ರಲ್ಲಿ ಚಾವಣಿಯ ತಯಾರಿ ನಡೆಯುವಾಗ ಸಾರುವೆ ಮುರಿದು ಸುಮಾರು 50 ಅಡಿ ಎತ್ತರದಿಂದ ಬಿದ್ದ. ಹಾಸಿಗೆಯಿಂದಲೇ ಸ್ವಲ್ಪ ದಿನ ಕೆಲಸ ನಡೆಸಿದ. ಆಗಲಿಲ್ಲ, ಊರಿಗೆ ಹೋದ. ಮುಂದುವರಿಸಿದವನ ಹೆಸರೂ ವಿಲಿಯಂ, ಅವನು ಇಂಗ್ಲಿಷಿನವನು.

ಇನ್ನೊಂದು ಹೆಜ್ಜೆ ಬಾಕಿ ಇತ್ತು. ಚಾವಣಿ ಎತ್ತರವಾದಷ್ಟೂ ಕಂಬದ ಮೇಲ್ತುದಿ ಹೊರಕ್ಕೆ ವಾಲುತ್ತದೆ. ಕ್ಲಾಸಿನ ಹುಡುಗರ ಬೆನ್ನಿಗೆ ಇನ್ನಿಬ್ಬರು ಕೈ ಕೊಟ್ಟು ನಿಂತರೆ ಕಾಲು ಜಾರುವುದಿಲ್ಲ. 12ನೇ ಶತಮಾನದ ಕೊನೆಯ ಹೊತ್ತಿಗೆ ಮೇಸ್ತ್ರಿಗಳು ಮಾಡಿದ್ದು ಇದನ್ನೇ. ಕಟ್ಟಡದಿಂದ ದೂರದಲ್ಲಿ ದಪ್ಪ ಕಂಬ ನಿಲ್ಲಿಸಿ, ಅಲ್ಲಿಂದ ಗಾಳಿಯಲ್ಲಿ ಅರ್ಧ ಕಮಾನು ಚಾಚಿ ಚಾವಣಿಗೆ ಆನಿಕೆ ಕೊಟ್ಟರು. ಫ್ಲೈಯಿಂಗ್ ಬಟ್ರೆಸ್ ಎನ್ನುವುದು ಇದಕ್ಕೇ. ದಪ್ಪ ಗೋಡೆ ಎಲ್ಲೂ ಹೋಗಲಿಲ್ಲ, ತುಂಡಾಗಿ ಹೊರಗೆ ಹೋಗಿ ನಿಂತಿತು. ಒಳಗಿನಿಂದ ನೋಡುವವರಿಗೆ ಕಾಣುವುದಿಲ್ಲ. ಕ್ಯಾಥೆಡ್ರಲಿನ ಒಳಗೆ ನಿಮಗೆ ಪವಾಡದಂತೆ ಕಂಡದ್ದಕ್ಕೆ ಇದೇ ಕಾರಣ.

ಇಲ್ಲಿಂದ ಮುಂದೆ ಪೈಪೋಟಿ. ಶಾರ್ತ್ರ್ ಊರಿನ ಚರ್ಚು 1194ರಲ್ಲಿ ಸುಟ್ಟಿತು. ಅಲ್ಲಿದ್ದ ಮರಿಯಮ್ಮನ ಬಟ್ಟೆಯೂ ಹೋಯಿತು ಎಂದು ಜನ ಅತ್ತರು. ಮೂರು ದಿನದ ಮೇಲೆ ಅದು ನೆಲಮಾಳಿಗೆಯಲ್ಲಿ ಹಾಗೇ ಸಿಕ್ಕಿತು. ಇನ್ನೂ ದೊಡ್ಡ ಮನೆ ಬೇಕೆಂದು ತಾಯಿಯೇ ಹೀಗೆ ಮಾಡಿದ್ದಾಳೆ ಎಂದುಕೊಂಡು ಸುಮಾರು 37 ಮೀಟರ್ ಎತ್ತರದ ಚಾವಣಿ ಕಟ್ಟಿದರು. 1220ರಲ್ಲಿ ಶುರುವಾದ ಅಮಿಯಾಂ 42 ಮೀಟರ್ ದಾಟಿತು. ಬೋವೆ ಊರಿನವರು 48 ಮೀಟರ್‌ಗೆ ಹೋದರು. 1272ರಲ್ಲಿ ಮುಗಿಯಿತು, 1284ರಲ್ಲಿ ಚಾವಣಿ ಕುಸಿಯಿತು. ಕಂಬಗಳ ನಡುವೆ ಇನ್ನಷ್ಟು ಕಂಬ ತೂರಿಸಿ ಮತ್ತೆ ಕಟ್ಟಿದರು. ಬುದ್ಧಿ ಬಂತಾ? ಇಲ್ಲ. 1569ರಲ್ಲಿ 153 ಮೀಟರ್ ಗೋಪುರ ಏರಿಸಿದರು. ನಾಲ್ಕು ವರ್ಷಕ್ಕೆ ಅದೂ ಬಿತ್ತು. ಜನ ನಿಲ್ಲುವ ಮುಂದಿನ ಭಾಗವನ್ನು ಕೊನೆಗೂ ಕಟ್ಟಲಿಲ್ಲ. ಹಾಗಾಗಿ 10ನೇ ಶತಮಾನದ ಕುಳ್ಳಗಿನ ಹಳೇ ಚರ್ಚು ಅದೇ ಜಾಗದಲ್ಲಿ ಇನ್ನೂ ಇದೆ, ದೈತ್ಯನ ಕಾಲ ಬಳಿ ಕೂತ ಅಜ್ಜಿಯಂತೆ.

ಗಾಜಿನ ವಿಷಯ. ಒಂದು ಪಾಲು ಮರಳು, ಎರಡು ಪಾಲು ಬೀಚ್ ಮರದ ಬೂದಿ, ಇದು ಆ ಕಾಲದ ಅಳತೆ. ಕೋಬಾಲ್ಟ್ ಸೇರಿಸಿದರೆ ನೀಲಿ, ತಾಮ್ರ ಸೇರಿಸಿದರೆ ಕೆಂಪು. ಕೆಂಪು ಎಷ್ಟು ಗಾಢ ಎಂದರೆ ಬೆಳಕೇ ದಾಟುವುದಿಲ್ಲ. ಅದಕ್ಕೆ ಬಿಳಿ ಗಾಜಿನ ಮೇಲೆ ಕೆಂಪಿನ ತೆಳು ಪದರ ಹಚ್ಚುತ್ತಿದ್ದರು. ಮುಖದ ಗೆರೆಗಳನ್ನು ಕಪ್ಪು ಬಣ್ಣದಲ್ಲಿ ಬರೆದು ಗೂಡಿನಲ್ಲಿ ಸುಟ್ಟು, ಆಮೇಲೆ ತುಂಡುಗಳನ್ನು ಸೀಸದ ಪಟ್ಟಿಯಲ್ಲಿ ಕೂಡಿಸುತ್ತಿದ್ದರು. ಹಳೇ ಗಾಜು ನಿಧಾನವಾಗಿ ಕೆಳಗೆ ಹರಿದು ಬುಡ ದಪ್ಪವಾಗಿದೆ ಎಂದು ಗೈಡುಗಳು ಹೇಳುತ್ತಾರೆ. ಅದು ಸುಮ್ನೆ. ಗಾಜು ಹಾಗೆ ಹರಿಯುವುದಿಲ್ಲ, ತಯಾರಾಗುವಾಗಲೇ ದಪ್ಪ ಒಂದೇ ಸಮ ಇರುತ್ತಿರಲಿಲ್ಲ. ಈ ಕಲೆಯ ತುದಿ ನೋಡಬೇಕಾದರೆ ಪ್ಯಾರಿಸ್ಸಿನ ಸಾಂತ್ ಶಾಪೆಲ್‌ಗೆ ಹೋಗಿ. ಒಂಬತ್ತನೇ ಲೂಯಿ ರಾಜ ಯೇಸುವಿನ ಮುಳ್ಳಿನ ಕಿರೀಟವನ್ನು 1,35,000 ಲಿವ್ರ್‌ (ಆಗಿನ ಫ್ರೆಂಚ್ ಹಣ) ಕೊಟ್ಟು ಕೊಂಡ. ಅದನ್ನಿಡಲು 40,000 ಲಿವ್ರ್‌ನಲ್ಲಿ ಗುಡಿ ಕಟ್ಟಿಸಿದ, 1248ರಲ್ಲಿ. ಒಡವೆಗಿಂತ ಪೆಟ್ಟಿಗೆ ಅಗ್ಗ! ಮೇಲಿನ ಮಹಡಿಯಲ್ಲಿ ಸುತ್ತಲೂ 15 ಉದ್ದದ ಕಿಟಕಿಗಳು, ಸಾವಿರಕ್ಕೂ ಹೆಚ್ಚು ದೃಶ್ಯಗಳು.

ಓದು ಬಾರದವರಿಗಾಗಿ ಚಿತ್ರ ಎನ್ನುವ ಮಾತು ಹಳೆಯದು. ಸುಮಾರು 600ರಲ್ಲಿ ಪೋಪ್ ಗ್ರೆಗರಿ, ಚಿತ್ರಗಳನ್ನು ಒಡೆದುಹಾಕಿದ ಮಾರ್ಸೇ ಊರಿನ ಬಿಷಪ್‌ಗೆ ಬುದ್ಧಿ ಹೇಳುವಾಗ ಹಾಗೆ ಬರೆದ. ಅವನು ಹೇಳಿದ್ದು ಗೋಡೆ ಚಿತ್ರಗಳ ಬಗ್ಗೆ. ಗಾಜಿಗೆ ಅದನ್ನು ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಸಾಂತ್ ಶಾಪೆಲ್‌ನಲ್ಲಿ ನಿಂತು ಮೇಲಿನ ಸಾಲಿನಲ್ಲಿ ಏನಿದೆ ಎಂದು ಹೇಳಿ ನೋಡೋಣ. ನನಗಂತೂ ಬೈನಾಕ್ಯುಲರ್ ಬೇಕಾಯಿತು. ಅದು ರಾಜಮನೆತನದ ಗುಡಿ, ಓದು ಬಾರದ ಬಡವನಿಗೆ ಅಲ್ಲಿ ಪ್ರವೇಶವೇ ಕಷ್ಟ. ಕತೆ ಮೊದಲೇ ಗೊತ್ತಿದ್ದವರಿಗೆ ಅದನ್ನು ನೆನಪಿಸುವುದು, ಉಳಿದವರನ್ನು ಬೆರಗಾಗಿಸುವುದು, ಕಿಟಕಿ ಮಾಡಿದ್ದು ಅಷ್ಟು. ಶಾರ್ತ್ರ್‌ನ ಕೆಳಗಿನ ಕಿಟಕಿಗಳಲ್ಲಿ ಬ್ರೆಡ್ ಸುಡುವವರು, ಚಪ್ಪಲಿ ಹೊಲಿಯುವವರು ಕಾಣುತ್ತಾರೆ. ಅವರೇ ಖುಷಿಯಿಂದ ದುಡ್ಡು ಕೊಟ್ಟರೋ, ಬಿಷಪ್ ಕಡೆಯವರು ವಸೂಲಿ ಮಾಡಿ ಚಿತ್ರ ಹಾಕಿಸಿದರೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ.

ಇಟಲಿಯವರು ಈ ಗಾಜಿನ ಓಟದಲ್ಲಿ ಅಷ್ಟಾಗಿ ಸೇರಲಿಲ್ಲ. ಅಲ್ಲಿ ಬಿಸಿಲು ಜಾಸ್ತಿ, ಗೋಡೆ ಉಳಿಸಿಕೊಂಡರು. ಗೋಡೆ ಉಳಿದದ್ದಕ್ಕೇ ಪಾದುವಾದಲ್ಲಿ ಚಿತ್ರಕಾರ ಜೊತ್ತೊ ಸುಮಾರು 1305ರಲ್ಲಿ ಹಸಿ ಗಾರೆಯ ಮೇಲೆ ತನ್ನ ಹೆಸರಾಂತ ಚಿತ್ರಗಳನ್ನು ಬರೆಯಲು ಸಾಧ್ಯವಾಯಿತು. ಗಾಥಿಕ್ ಎಂಬ ಬೈಗುಳ ಕೊಟ್ಟದ್ದೂ ಇಟಲಿಯವರೇ. 16ನೇ ಶತಮಾನದಲ್ಲಿ ಚಿತ್ರಕಾರ, ಲೇಖಕ ವಸಾರಿ, ಇದು ರೋಮನ್ನು ಲೂಟಿ ಮಾಡಿದ ಗಾಥರ ಅನಾಗರಿಕ ಶೈಲಿ ಎಂದು ಬರೆದ. ಗಾಥರಿಗೂ ಇದಕ್ಕೂ ಸಂಬಂಧವೇ ಇಲ್ಲ.

ನಿಮ್ಮ ಕೊಲೋನ್‌ಗೆ ಬಂದರೆ, ಹಳೇ ಕ್ಯಾಥೆಡ್ರಲ್ 1248ರಲ್ಲಿ ಸುಟ್ಟಿತು. ಮತ್ತೆ ಬೆಂಕಿಯೇ. ಅದೇ ವರ್ಷ ಹೊಸದಕ್ಕೆ ಅಡಿಗಲ್ಲು ಬಿತ್ತು, ಮುಖ್ಯವಾಗಿ ಅಮಿಯಾಂ ಮಾದರಿಯಲ್ಲಿ. ಹಿಂಭಾಗ 1322ರಲ್ಲಿ ಮುಗಿಯಿತು. ಆಮೇಲೆ ದುಡ್ಡು, ಉತ್ಸಾಹ ಎರಡೂ ಬತ್ತಿ 16ನೇ ಶತಮಾನದಲ್ಲಿ ಕೆಲಸ ನಿಂತೇಹೋಯಿತು. ಅರ್ಧ ಗೋಪುರದ ಮೇಲೆ ಮರದ ಕ್ರೇನು ಹಾಗೇ ನಿಂತಿತ್ತು, ಶತಮಾನಗಟ್ಟಲೆ. 1814ರಲ್ಲಿ ಮುಂಭಾಗದ ಹಳೇ ನಕ್ಷೆಯ ಒಂದು ತುಂಡು ಡಾರ್ಮ್‌ಸ್ಟಾಟ್ ಊರಿನಲ್ಲಿ ಸಿಕ್ಕಿತು, ಇನ್ನೊಂದು ಆಮೇಲೆ ಪ್ಯಾರಿಸ್ಸಿನಲ್ಲಿ. ಅದನ್ನು ಹಿಡಿದು 1880ರಲ್ಲಿ 157 ಮೀಟರ್ ಗೋಪುರಗಳನ್ನು ಮುಗಿಸಿದರು. ಅಂದರೆ ನೀವು ದೂರದಿಂದ ಕಂಡ ಆ ಜೋಡಿ ಮೊನೆಗಳು ಹೆಚ್ಚುಕಡಿಮೆ 19ನೇ ಶತಮಾನದವು. ಅದೇ ಗಾಥಿಕ್ ಮೋಹದ ಅಲೆ ಜಗತ್ತೆಲ್ಲ ಹರಡಿತು. ನಾಲ್ವಡಿ ಕೃಷ್ಣರಾಜ ಒಡೆಯರ್ 1933ರಲ್ಲಿ ಅಡಿಗಲ್ಲು ಹಾಕಿದ ಫಿಲೋಮಿನಾ ಚರ್ಚು ಆ ಅಲೆಯ ಕೂಸು. ಸುಮಾರು 175 ಅಡಿಯ ಅದರ ಗೋಪುರಗಳಿಗೆ ಕೊಲೋನ್‌ನದೇ ಪ್ರೇರಣೆ. ನಿಮಗೆ ಅದು ನೆನಪಾದದ್ದು ಸರಿಯಾಗಿಯೇ ಇದೆ.

ಕಲ್ಲಿನ ಚಾವಣಿಯಿಂದ ಅಷ್ಟೆಲ್ಲ ಪಾಡು ಪಟ್ಟದ್ದು ಫಲ ಕೊಟ್ಟಿತೇ ಎಂದರೆ, 2019ರ ಏಪ್ರಿಲ್ 15 ನೆನಪಿಸಿಕೊಳ್ಳಿ. ಪ್ಯಾರಿಸ್ಸಿನ ನೋತ್ರ್ ದಾಮ್‌ನ ಓಕ್ ಮರದ ಮೇಲ್ಮಾಡು ಪೂರ್ತಿ ಉರಿಯಿತು, ನಡು ಗೋಪುರ ಬಿತ್ತು. ಅದರ ಕೆಳಗಿದ್ದ ಕಲ್ಲಿನ ಚಾವಣಿ ಕೆಲವು ಕಡೆ ತೂತಾಯಿತು, ಬಹುಪಾಲು ನಿಂತಿತು. ಒಳಗಿನದು ಉಳಿಯಿತು. ಡಿಸೆಂಬರ್ 2024ರಲ್ಲಿ ಬಾಗಿಲು ಮತ್ತೆ ತೆರೆದರು.

ಮುಂದಿನ ಸಲ ಮಗಳನ್ನು ನೋಡಲು ಹೋದಾಗ ಕೊಲೋನ್ ಕ್ಯಾಥೆಡ್ರಲಿನ ಮೇಲ್ಮಾಡಿಗೆ ಕರೆದುಕೊಂಡು ಹೋಗುವ ಗೈಡ್ ಪ್ರವಾಸಕ್ಕೆ ಮುಂಚೆಯೇ ಟಿಕೆಟ್ ಮಾಡಿಸಿ. ಅಲ್ಲಿ ಮರದ ತೊಲೆ ಇಲ್ಲ, 19ನೇ ಶತಮಾನದವರು ಕಬ್ಬಿಣದಲ್ಲಿ ಕಟ್ಟಿದರು. ಕೆಳಗಡೆ ಚಾವಣಿಯ ಬೆನ್ನು ಕಾಣುತ್ತದೆ, ಸಾಲಾಗಿ ಬೋರಲು ಹಾಕಿದ ಮಡಕೆಗಳಂತೆ. ಹೊರಗೆ ಬಂದ ಮೇಲೆ ಆನಿಕೆಗಳನ್ನು ಹತ್ತಿರದಿಂದ ನೋಡಬಹುದು. ಗಾಳಿ ಜೋರಾಗಿರುತ್ತದೆ, ಸ್ವೆಟರ್ ಇರಲಿ.